ಸ್ಪ್ಯಾಮ್‌ಗೆ ಬಿದ್ದ ಕರೆಯೋಲೆ

ಬೋರ್ಡಣ್ಣ ಮದುವೆಯಾಗಲು ಮನಸ್ಸು ಮಾಡಿದ್ದು ಅರವತ್ತು ದಾಟಿದ ಮೇಲೆ. ಅಲ್ಲಿಯವರೆಗೆ ಪುರುಸೊತ್ತು ಸಿಗಲಿಲ್ಲ ಎಂದು ಅವನು ಹೇಳಿಕೊಳ್ಳುತ್ತಿದ್ದ. ನಿಜ ಹೇಳಬೇಕೆಂದರೆ ಧೈರ್ಯ ಸಿಕ್ಕಿರಲಿಲ್ಲ, ಅಷ್ಟೇ.

ಅಂಗಡಿಗಳ ಬೋರ್ಡು ಬರೆಯುವುದು ಅವನ ಕಸುಬು. ಮೀಸೆ ಚಿಗುರುವ ಮೊದಲೇ ಬ್ರಷ್ಷು ಹಿಡಿದವನು. ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ, ಝೆರಾಕ್ಸ್ ಅಂಗಡಿಗೂ ಬೀಗ ರಿಪೇರಿಯವನ ಗೂಡಿಗೂ ನಡುವೆ, ಇಬ್ಬರು ಎದುರಾದರೆ ಒಬ್ಬರು ಓರೆಯಾಗಬೇಕಾದಷ್ಟು ಸಣ್ಣ ಅಂಗಡಿ ಅವನದು. ಒಳಗೆ ಕಾಲಿಟ್ಟರೆ ಟರ್ಪೆಂಟೈನ್ ವಾಸನೆ. ಗೋಡೆಗೆ ಒರಗಿಸಿದ ತಗಡಿನ ಹಲಗೆಗಳು, ಕಿಟಕಿಯಲ್ಲಿ ಹಳೇ ಡಬ್ಬಗಳೊಳಗೆ ನೆನೆಯುತ್ತಿರುವ ಬ್ರಷ್ಷುಗಳು, ನೆಲದ ಮೇಲೆ ವರ್ಷಗಟ್ಟಲೆ ತೊಟ್ಟಿಕ್ಕಿ ಗಟ್ಟಿಯಾದ ಬಣ್ಣದ ಚುಕ್ಕೆಗಳು. ಅಚ್ಚು ಹೊಡೆದ ಫ್ಲೆಕ್ಸ್‌ಗಳು ಬಂದ ಮೇಲೆ ಕೆಲಸ ಕಡಿಮೆಯಾಗಿತ್ತು. ಆದರೂ ಕೈಯಕ್ಷರವೇ ಬೇಕು ಎನ್ನುವ ಅಂಗಡಿಯವರು ಇನ್ನೂ ಇದ್ದರು. ಅವರಿಗಾಗಿ ಅವನೂ ಇದ್ದ.

ಅವನ ಬಾಯಿಂದ ಮಾತು ಹೊರಡುವುದೇ ಅಪರೂಪ. ಗಿರಾಕಿ ಬಂದರೆ "ಹೂಂ", "ಆಯ್ತು", "ಶನಿವಾರ" ಎನ್ನುವುದರಲ್ಲಿ ವ್ಯವಹಾರ ಮುಗಿಯುತ್ತಿತ್ತು. ಆದರೆ ಬ್ರಷ್ಷು ಕೈಗೆ ಬಂತೋ, ಲೋಕಕ್ಕೇ ಕೂಗಿ ಹೇಳುವ ಧಾಟಿ. "ಬನ್ನಿ! ನೋಡಿ! ಒಮ್ಮೆ ಬಂದವರು ಮತ್ತೆ ಮತ್ತೆ ಬರುವರು!" "ಇಂದೇ ಕೊನೆ! ನಾಳೆ ಕೇಳಬೇಡಿ!" ಬೀದಿಯ ತುಂಬ ಅವನದೇ ಗದ್ದಲ, ಅವನು ಮಾತ್ರ ಮೌನಿ. ಒಮ್ಮೆ ಜ್ವರ ಬಂದು ಮಲಗಿದಾಗಲೂ ಬಾಗಿಲಿಗೆ ತೂಗುಹಾಕಿದ್ದ ಹಲಗೆಯ ಮೇಲೆ "ಅನಿವಾರ್ಯ ರಜೆ! ಸೋಮವಾರದಿಂದ ಭರ್ಜರಿ ಪುನರಾರಂಭ!" ಎಂದಿತ್ತು.

ಬೀದಿಯ ತಿರುವಿನಲ್ಲಿ ಒಂದು ಕನ್ನಡಕದ ಅಂಗಡಿ ತೆರೆಯಿತು. ನಡೆಸುವವಳು ಐವತ್ತು ದಾಟಿದ ಹೆಂಗಸು. ಗಂಡ ತೀರಿಕೊಂಡು ಎಷ್ಟೋ ವರ್ಷಗಳಾಗಿದ್ದವು. ಕಣ್ಣು ಪರೀಕ್ಷಿಸುವುದರಿಂದ ಹಿಡಿದು ಗಾಜು ಒರೆಸುವವರೆಗೆ ಎಲ್ಲವೂ ಆಕೆಯದೇ ಕೈ. ಬೀದಿಯವರೆಲ್ಲ ಕನ್ನಡಕದ ಮೇಡಂ ಎನ್ನುತ್ತಿದ್ದರು. ಆಕೆಯ ಬೋರ್ಡು ಬರೆಯಲು ಬೋರ್ಡಣ್ಣ ಏಣಿ ಹತ್ತಿದ. ಕೆಲಸ ಮುಗಿಯುವ ಹೊತ್ತಿಗೆ ಆಕೆ ರಸ್ತೆಯ ಆಚೆ ಬದಿಗೆ ಹೋಗಿ, ಕೈಕಟ್ಟಿ ನಿಂತು ನೋಡಿದಳು.

"ಅಕ್ಷರ ತುಂಬಾ ಚೆನ್ನಾಗಿದೆ. ಆದ್ರೆ ಯಾಕೆ ಹೀಗೆ ಕಿರುಚ್ತಾ ಇದೆ?"

"ಕಿರುಚ್ತಾ ಇದೆಯಾ?" ಎಂದ ಬೋರ್ಡಣ್ಣ, ಏಣಿಯ ಮೇಲಿಂದಲೇ.

"ಸಾಲಾಗಿ ಮೂರು ಆಶ್ಚರ್ಯಸೂಚಕ ಚಿಹ್ನೆ! ನನ್ನ ಹತ್ರ ಬರೋರಿಗೆ ಕಣ್ಣು ಸರಿಯಾಗಿ ಕಾಣಲ್ಲ ಅಷ್ಟೇ. ಕಿವಿ ಕೇಳುತ್ತೆ."

ಹಾಗೆ ಯಾರೂ ಅವನಿಗೆ ಹೇಳಿರಲಿಲ್ಲ. ಬಟ್ಟೆಗೆ ಟರ್ಪೆಂಟೈನ್ ಹಾಕಿ ಎರಡನ್ನು ಒರೆಸಿದ. ಮೂರನೆಯದನ್ನು ಒರೆಸಲು ಕೈ ಬರಲಿಲ್ಲ. ಆಕೆಗೆ ಅವನ ಮುಖ ನೋಡಿ ಪಾಪ ಅನ್ನಿಸಿತು. "ಒಂದು ಇರ್ಲಿ ಬಿಡಿ" ಎಂದಳು.

ಆಮೇಲೆ ಆ ಬೋರ್ಡಿಗೆ ಆದಷ್ಟು ಆರೈಕೆ ಬೀದಿಯ ಯಾವ ಬೋರ್ಡಿಗೂ ಆಗಲಿಲ್ಲ. ಧೂಳು ಒರೆಸಲು ಒಮ್ಮೆ, ಅಂಚು ತಿದ್ದಲು ಒಮ್ಮೆ, ಮಳೆಗೆ ಬಣ್ಣ ಎದ್ದಿದೆಯೇ ಎಂದು ನೋಡಲು ಇನ್ನೊಮ್ಮೆ. ಬಂದಾಗಲೆಲ್ಲ ಆಕೆ ಚಹಾ ಕೊಡುತ್ತಿದ್ದಳು. ಕಡೆಗೆ ತಾನೇ ಹೇಳಿದಳು: "ಇಷ್ಟು ಸಲ ಬರ್ತೀರಲ್ಲ, ಕಣ್ಣಾದ್ರೂ ಪರೀಕ್ಷೆ ಮಾಡಿಸ್ಕೊಳ್ಳಿ." ಗೋಡೆಯ ಮೇಲಿನ ಅಕ್ಷರಪಟ್ಟಿಯನ್ನು ಓದಿ ಎಂದರೆ, ಅವನು ಓದುವ ಬದಲು "ಆ 'ಳ' ಬರೆದವನ ಕೈ ನಡುಗಿದೆ" ಎಂದ. ಆಕೆ ನಕ್ಕದ್ದು ಹೊರಗೆ ಬಸ್ಸಿಗೆ ಕಾಯುತ್ತಿದ್ದವರಿಗೂ ಕೇಳಿಸಿತು.

ಒಂದು ಮಧ್ಯಾಹ್ನ ಬೋರ್ಡಣ್ಣ ಅಂಗೈ ಅಗಲದ ತಗಡಿನ ತುಂಡೊಂದನ್ನು ಆಕೆಯ ಮೇಜಿನ ಮೇಲಿಟ್ಟು, ಕಿಟಕಿಯ ಕಡೆ ಮುಖ ಮಾಡಿ ನಿಂತ. ಬಿಳಿಯ ಮೇಲೆ ನೀಲಿಯಲ್ಲಿ, ತುಂಬ ಜಾಗ ಬಿಟ್ಟು ಒಂದೇ ಪದ ಬರೆದಿತ್ತು: "ಮದುವೆ?"

ಆಕೆ ಕನ್ನಡಕ ಹಾಕಿಕೊಂಡು ಓದಿದಳು. ತೆಗೆದು ಒರೆಸಿ, ಮತ್ತೆ ಹಾಕಿಕೊಂಡು ಓದಿದಳು.

"ಇದಕ್ಕೆ ಮಾತ್ರ ನೀವು ಆಶ್ಚರ್ಯಸೂಚಕ ಹಾಕಬಹುದು" ಎಂದಳು.

ಇಲ್ಲಿಯವರೆಗೆ ಎಲ್ಲವೂ ಸುಸೂತ್ರ. ಇನ್ನು ಅಕ್ಕನಿಗೆ ಹೇಳಬೇಕಿತ್ತು.

ಬೋರ್ಡಣ್ಣನಿಗೆ ಇದ್ದ ಒಬ್ಬಳೇ ಅಕ್ಕ, ಊರಿನ ಇನ್ನೊಂದು ತುದಿಯಲ್ಲಿ ಮಗಳ ಜೊತೆ ಇದ್ದಳು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿ ನಿವೃತ್ತಳಾದವಳು. ಯಾರು ಕರೆದರೂ ಉತ್ತರಿಸಬೇಕು ಎನ್ನುವುದು ಅವಳ ರಕ್ತದಲ್ಲೇ ಇಳಿದುಹೋಗಿತ್ತು. ಇದರಿಂದಾಗಿಯೇ ಅವಳು ಒಂದು ಕಾಲದಲ್ಲಿ ಪೇಚಿಗೆ ಸಿಕ್ಕಿದ್ದಳು. ಆನ್‌ಲೈನಿನಲ್ಲಿ ಒಂದು ಹಾಸಿಗೆ ಕೊಂಡದ್ದೇ ತಡ, ಮೇಲ್‌ಗಳ ಮೇಲೆ ಮೇಲ್. ದಿಂಬು ಬೇಕೇ, ಹೊದಿಕೆ ಬೇಕೇ, ನಿಮ್ಮನ್ನು ತುಂಬ ದಿನದಿಂದ ನೋಡಿಲ್ಲ, ಎಲ್ಲಿ ಹೋದಿರಿ? ಅಕ್ಕ ಒಂದೊಂದಕ್ಕೂ ಕೂತು ಉತ್ತರ ಬರೆಯುತ್ತಿದ್ದಳು. "ನಾನು ಕ್ಷೇಮ. ಮಂಡಿ ಸ್ವಲ್ಪ ನೋಯುತ್ತೆ. ದಿಂಬು ಇದೆ, ಬೇಡ. ಬೇರೆ ಬೇಕಾದವರಿಗೆ ಕೊಡಿ." ಉತ್ತರ ಕೊಟ್ಟಷ್ಟೂ ಮೇಲ್‌ಗಳು ಹೆಚ್ಚಿದವು. ಕೊನೆಗೆ ಹೆಸರೇ ಕೇಳದವರು ಲಾಟರಿ ಹೊಡೆದಿದೆ ಎಂದು ಬರೆಯಲು ಶುರುಮಾಡಿದರು.

ಆಗ ಮಗಳು ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿದಳು. "ಅಮ್ಮಾ, ಇದು ನೀನು ನಿಜವಾಗ್ಲೂ ಕೊಂಡ ಅಂಗಡಿ ಅಲ್ವಾ? ಕೆಳಗೆ ಇರುವೆ ಸಾಲಿನ ಥರ ಸಣ್ಣಕ್ಷರ ಇದೆ ನೋಡು, 'ಮೇಲ್ ಬೇಡವಾದರೆ ಇಲ್ಲಿ ಒತ್ತಿ' ಅಂತ. ಒತ್ತು. ಮುಗೀತು. ಆದ್ರೆ ಇವನು ಯಾರೋ ಗೊತ್ತಿಲ್ಲ. ಇವನಿಗೆ ಉತ್ತರಾನೂ ಬೇಡ, ಒಳಗೆ ಏನನ್ನೂ ಒತ್ತೋದೂ ಬೇಡ. ಒತ್ತಿದ್ರೆ ಇಲ್ಲಿ ಒಬ್ರು ಇದಾರೆ ಅಂತ ಗೊತ್ತಾಗುತ್ತೆ. ಸ್ಪ್ಯಾಮ್‌ಗೆ ತಳ್ಳು. ಮೇಲಿರೋ ಹೆಸರು ನಂಬಬೇಡ, ಅದರ ಪಕ್ಕದ ವಿಳಾಸ ಓದು. ಅವಸರ ಮಾಡೋರನ್ನ, ಪುಕ್ಕಟೆ ಕೊಡ್ತೀನಿ ಅನ್ನೋರನ್ನ ಮೊದ್ಲು ಅನುಮಾನಿಸು."

ಅಕ್ಕ ಚುರುಕು. ಸ್ವಲ್ಪ ದಿನಗಳಲ್ಲೇ ಕಲಿತಳು. ಕಲಿತದ್ದನ್ನು ತನ್ನಲ್ಲೇ ಇಟ್ಟುಕೊಳ್ಳುವವಳೂ ಅಲ್ಲ. ನೆಂಟರಿಷ್ಟರು, ಅಕ್ಕಪಕ್ಕದವರು, ಹಳೇ ಸಹೋದ್ಯೋಗಿಗಳು, ಎಲ್ಲರನ್ನೂ ಹಿಡಿದು ಕೂರಿಸಿ ಪಾಠ ಮಾಡಿದಳು. "ಕಿರುಚೋ ಮೇಲ್ ಕಂಡ್ರೆ ಕಣ್ಣುಮುಚ್ಚಿ ತಳ್ಳಿ" ಎನ್ನುವುದು ಅವಳ ಮಂತ್ರ. ಮಗಳು ಹೇಳಿದ್ದ ಇನ್ನೊಂದು ಮಾತನ್ನು ಮಾತ್ರ ಅವಳು ಯಾರಿಗೂ ಹೇಳಲಿಲ್ಲ, ತಾನೂ ಪಾಲಿಸಲಿಲ್ಲ: ಆಗಾಗ ಸ್ಪ್ಯಾಮ್‌ನೊಳಗೂ ಇಣುಕಿ ನೋಡು, ಬೇಕಾದದ್ದೂ ಅಲ್ಲಿ ಬಿದ್ದಿರುತ್ತದೆ.

ಅಕ್ಕನಿಗೆ ಬಾಯಿಬಿಟ್ಟು ಹೇಳುವುದಂತೂ ಬೋರ್ಡಣ್ಣನಿಂದ ಆಗದ ಮಾತು. ಹಿಂದೆಲ್ಲ ಅವಳು ಹೆಣ್ಣು ಹುಡುಕಿ ಸುಸ್ತಾಗಿ, "ಇನ್ನು ನಿನ್ನ ಮದುವೆ ವಿಷಯ ಎತ್ತಿದ್ರೆ ಕೇಳು" ಎಂದು ಕೈಚೆಲ್ಲಿದ್ದಳು. ಈಗ ಹೇಗೆ ಶುರುಮಾಡುವುದು? ಅವನ ಪೇಚಾಟ ಕಂಡ ಝೆರಾಕ್ಸ್‌ನವನು ಸಲಹೆ ಕೊಟ್ಟ.

"ಬೋರ್ಡಣ್ಣ, ಬಾಯಲ್ಲಿ ಯಾಕೆ ಹೇಳ್ಬೇಕು? ಬರೀರಿ. ಫೋಟೋ ತೆಗ್ದು ಮೇಲ್ ಹಾಕ್ತೀನಿ. ಅಕ್ಕಂಗೂ ಹೋಗುತ್ತೆ, ನಿಮ್ಮೋರಿಗೆಲ್ಲ ಹೋಗುತ್ತೆ. ಒಂದೇ ಏಟಿಗೆ ಕೆಲಸ ಮುಗೀತು."

ಬರೆಯುವುದಾದರೆ ಸರಿ! ಬೋರ್ಡಣ್ಣ ಹೊಸ ತಗಡು ತೆಗೆದ. ಹಳದಿ ಬಳಿದ. ಕೆಂಪಿನಲ್ಲಿ ಬರೆದು, ಅಕ್ಷರಕ್ಕೆಲ್ಲ ಕಪ್ಪು ನೆರಳು ಕೊಟ್ಟ. ಕನ್ನಡಕದ ಮೇಡಂಗೆ ತೋರಿಸಲಿಲ್ಲ, ಆಮೇಲೆ ನೋಡಿ ಖುಷಿಪಡಲಿ ಎಂದು.

"ಅಪೂರ್ವ ಅವಕಾಶ!!! ಇಷ್ಟು ವರ್ಷ ಕಾದವರೇ, ಇನ್ನು ಕಾಯಬೇಡಿ! ಬರುವ ಭಾನುವಾರ, ಮಾರುಕಟ್ಟೆ ಹಿಂದಿನ ಬೀದಿಯಲ್ಲಿ, ಒಂದೇ ದಿನ! ಪುಷ್ಕಳ ಊಟ ಸಂಪೂರ್ಣ ಉಚಿತ! ಕುಟುಂಬ ಸಮೇತ ಬನ್ನಿ! ಈಗ ತಪ್ಪಿದರೆ ಮತ್ತೆಂದೂ ಸಿಗದು!!!"

ಅಷ್ಟು ಬರೆಯುವ ಹೊತ್ತಿಗೆ ನಾಚಿಕೆ ಬಂದುಬಿಟ್ಟಿತು. ಹೀಗಾಗಿ ತೀರಾ ಕೆಳಗೆ, ಮೂಲೆಯಲ್ಲಿ, ಸಣ್ಣ ಬ್ರಷ್ಷಿನಿಂದ ಸೇರಿಸಿದ: "ಮದುವೆ ನನ್ನದೇ. ಹುಡುಗಿ ಕನ್ನಡಕದ ಅಂಗಡಿಯವರು."

ಝೆರಾಕ್ಸ್‌ನವನು ಫೋಟೋ ಹಿಡಿದ. ತನ್ನ ಅಂಗಡಿಯ ಮೇಲ್‌ನಿಂದಲೇ ಕಳಿಸಿದ. ಮೇಲೆ "ತಕ್ಷಣ ತೆರೆಯಿರಿ!!!" ಎಂದು ತಾನೂ ಒಂದು ಸಾಲು ಸೇರಿಸಿದ. ಅದೇ ಮೇಲ್‌ನಿಂದ ಅವನು ವರ್ಷಗಳಿಂದ "ಕಲರ್ ಪ್ರಿಂಟ್ ಅರ್ಧ ಬೆಲೆ" ಎಂದು ಕಂಡಕಂಡವರಿಗೆ ಕಳಿಸುತ್ತ ಬಂದಿದ್ದ. ಊರಿನ ಅರ್ಧ ಜನ ಆ ವಿಳಾಸವನ್ನು ಯಾವತ್ತೋ ಸ್ಪ್ಯಾಮ್‌ಗೆ ತಳ್ಳಿಯಾಗಿತ್ತು. ಯಾವತ್ತೋ ಅಲ್ಲಿ ಪ್ರತಿ ತೆಗೆಸಿದ್ದ ಅಕ್ಕ ಕೂಡ. ಅಷ್ಟು ಸಾಲದು ಎಂಬಂತೆ, "ನಿಮ್ಮ ಪಟ್ಟಿ ಚಿಕ್ಕದಾಯ್ತು ಅಣ್ಣ" ಎಂದು ಮನಸ್ಸಿನಲ್ಲೇ ಅಂದುಕೊಂಡು ತನ್ನ ಗಿರಾಕಿಗಳನ್ನೂ ಸೇರಿಸಿ ಗುಂಡಿ ಒತ್ತಿದ. ಹಾಗೆ ಒತ್ತಿದ್ದನ್ನು ಬೋರ್ಡಣ್ಣನಿಗೆ ಹೇಳಲಿಲ್ಲ.

ಒಬ್ಬರಿಂದಲೂ ಉತ್ತರ ಬರಲಿಲ್ಲ.

ಬೋರ್ಡಣ್ಣ ಗಳಿಗೆಗೊಮ್ಮೆ ಝೆರಾಕ್ಸ್ ಅಂಗಡಿಗೆ ತಲೆಹಾಕಿ "ಬಂತಾ?" ಎನ್ನುತ್ತಿದ್ದ. "ಬರುತ್ತೆ ಬಿಡಿ" ಎನ್ನುತ್ತಿದ್ದ ಅವನು. ವಾರದ ನಡುವೆ ಅಕ್ಕ ಎಂದಿನಂತೆ ಫೋನ್ ಮಾಡಿದಳು. ಮಂಡಿನೋವು, ಸೋರುವ ನಲ್ಲಿ, ಮಗಳ ಆಫೀಸಿನ ಗೋಳು. ಮದುವೆಯ ಸುದ್ದಿ ಮಾತ್ರ ಇಲ್ಲ. ಬೋರ್ಡಣ್ಣ ಇದ್ದಬದ್ದ ಧೈರ್ಯವನ್ನೆಲ್ಲ ಒಟ್ಟುಮಾಡಿಕೊಂಡ.

"ಅಕ್ಕಾ, ಮೇಲ್ ನೋಡ್ದ್ಯಾ?"

"ನೋಡದೇ ಏನು? ದಿನಾ ನೋಡ್ತೀನಿ."

"ಮತ್ತೆ... ಏನನ್ನಿಸ್ತು?"

"ಅನ್ನಿಸೋದೇನು! ಎಲ್ಲಾ ಎತ್ತಿ ಕಸಕ್ಕೆ ಹಾಕ್ದೆ."

"ಕಸಕ್ಕಾ?"

"ಹೂಂ ಮತ್ತೆ. ಅಂಥದ್ದಕ್ಕೆಲ್ಲ ಉತ್ತರಾನೇ ಕೊಡ್ಬಾರ್ದು. ಕೊಟ್ರೆ ತಲೆ ಮೇಲೆ ಹತ್ತಿ ಕೂತ್ಕೋತಾರೆ. ನಾಚಿಕೆಗೆಟ್ಟೋರು! ಈ ವಯಸ್ಸಲ್ಲಿ ಇದೆಲ್ಲ ಬೇಕಾ, ನೀನೇ ಹೇಳು?"

"ಬೇಡ ಅಂತೀಯಾ?"

"ಖಂಡಿತ ಬೇಡ."

"ಆಯ್ತು" ಎಂದು ಬೋರ್ಡಣ್ಣ ಫೋನ್ ಇಟ್ಟ. ಆ ದಿನ ಅವನು ಒಂದು ಹೋಟೆಲಿಗೆ "ಊಟ ತಯಾರಿದೆ" ಎಂದು ಬರೆದ. ಬರೆದು, ಚುಕ್ಕಿ ಇಟ್ಟ. ಬೀಗ ರಿಪೇರಿಯವನು ಅದನ್ನು ನೋಡಿ ಗಾಬರಿಯಾಗಿ, "ಬೋರ್ಡಣ್ಣಂಗೆ ಮೈ ಹುಷಾರಿಲ್ಲ ಅನ್ಸುತ್ತೆ" ಎಂದು ಹೋಗಿ ಕನ್ನಡಕದ ಮೇಡಂಗೆ ಸುದ್ದಿ ಮುಟ್ಟಿಸಿದ.

ಆಕೆ ಬಂದು ವಿಚಾರಿಸಿದಳು. "ಅಕ್ಕಂಗೆ ಇಷ್ಟ ಇಲ್ಲ. ಕಸಕ್ಕೆ ಹಾಕಿದ್ಳಂತೆ. ಬೇರೆಯೋರಿಗೂ ಇಷ್ಟ ಇಲ್ಲ" ಎಂದ ಬೋರ್ಡಣ್ಣ, ಮುಖ ಎತ್ತದೆ.

"ಊರಲ್ಲಿರೋರಿಗೆಲ್ಲ ಒಂದೇ ಸಲ ಇಷ್ಟ ಇಲ್ಲದೇ ಹೋಯ್ತಾ? ಅಷ್ಟು ಒಗ್ಗಟ್ಟು ನಿಮ್ಮ ನೆಂಟರಲ್ಲಿದೆಯಾ?" ಎಂದು ಆಕೆ ಕೇಳಿದಳು. ಅಕ್ಕನ ಮನೆ ಎಲ್ಲಿ ಎಂದೂ ಕೇಳಿಕೊಂಡಳು. ಮರುದಿನ ಬೆಳಗ್ಗೆ ಅಂಗಡಿ ಮುಚ್ಚಿ ಬಸ್ಸು ಹತ್ತಿದಳು. ಆ ಕಡೆಯೇ ಒಬ್ಬ ಅಜ್ಜನ ಕಣ್ಣು ಪರೀಕ್ಷಿಸಬೇಕಿತ್ತು, ಹೀಗಾಗಿ ಕೈಯಲ್ಲಿ ಗಾಜುಗಳ ಪೆಟ್ಟಿಗೆಯೂ ಇತ್ತು.

ಅಕ್ಕ ಬಾಗಿಲು ತೆರೆದವಳು ಮೊದಲು ಪೆಟ್ಟಿಗೆಯನ್ನು ನೋಡಿದಳು.

"ಏನೂ ಬೇಡಮ್ಮ. ನಾವು ಬಾಗಿಲಲ್ಲಿ ಏನೂ ತಗೊಳಲ್ಲ."

"ನಾನು ಮಾರೋಕೆ ಬಂದಿಲ್ಲ. ನಿಮ್ಮ ತಮ್ಮನ್ನ ಮದುವೆ ಆಗ್ತಾ ಇದೀನಿ. ಅದರ ಬಗ್ಗೆ ಮಾತಾಡೋಕೆ ಬಂದೆ."

ಅಕ್ಕ ಬಾಗಿಲನ್ನು ಇನ್ನಷ್ಟು ಮುಚ್ಚಿ, ಸಂದಿಯಿಂದ ನೋಡಿದಳು. "ಓಹೋ! ಇದು ಹೊಸಾ ಥರ. ಮೇಲ್‌ನಲ್ಲಿ ಬೇಳೆ ಬೇಯಲ್ಲ ಅಂತ ಈಗ ಮನೆಗೇ ಬರೋಕೆ ಶುರುಮಾಡಿದ್ರಾ? ನನ್ನ ತಮ್ಮ ಅಂತೆ, ಮದುವೆ ಅಂತೆ!"

"ಬೋರ್ಡು ಬರೀತಾರೆ. ಮಾರುಕಟ್ಟೆ ಹಿಂದೆ ಅಂಗಡಿ."

"ಅದು ಯಾರಿಗೆ ಬೇಕಾದ್ರೂ ಗೊತ್ತಿರುತ್ತೆ." ಅಕ್ಕ ಒಂದು ಗಳಿಗೆ ಯೋಚಿಸಿ, ಸುಳ್ಳಿದ್ದರೆ ಸಿಕ್ಕಿಬೀಳುವಂಥ ಪ್ರಶ್ನೆ ಹುಡುಕಿದಳು. "ಒಂದ್ಮಾತು ಹೇಳಿ. ಮದುವೆ ಆಗ್ತೀರಾ ಅಂತ ಅವನು ನಿಮ್ಮನ್ನ ಹೇಗೆ ಕೇಳ್ದ? ಎಂಥಾ ಮಾತು ಆಡ್ದ?"

"ಮಾತು ಎಲ್ಲಿ ಆಡಿದ್ರು? ತಗಡಿನ ಮೇಲೆ ಬರ್ದು ಮೇಜಿನ ಮೇಲಿಟ್ಟು ಕಿಟಕಿ ಕಡೆ ತಿರುಗಿ ನಿಂತ್ರು."

ಬಾಗಿಲು ಪೂರ್ತಿ ತೆರೆಯಿತು. "ಒಳಗೆ ಬಾಮ್ಮಾ" ಎಂದಳು ಅಕ್ಕ.

ಎಲ್ಲ ಕೇಳಿದ ಮೇಲೆ ಅಕ್ಕ ಹಣೆ ಹಣೆ ಚಚ್ಚಿಕೊಂಡಳು. "ಅಯ್ಯೋ, ನಾನು ಹೇಳಿದ್ದು ಮತ್ತೆ ಕಾಟ ಶುರುಮಾಡಿರೋ ಹಾಸಿಗೆಯವರ ವಿಷಯ! ನನಗೆ ಅವನ ಮೇಲ್ ಬಂದೇ ಇಲ್ಲ!" ಒಳಗಿನ ಕೋಣೆಯಲ್ಲಿ ಕೆಲಸ ಮಾಡುತ್ತಿದ್ದ ಮಗಳು ಎದ್ದು ಬಂದು, ಒಂದು ಮಾತೂ ಆಡದೆ ಅಮ್ಮನ ಕಂಪ್ಯೂಟರಿನಲ್ಲಿ ಸ್ಪ್ಯಾಮ್ ತೆರೆದಳು. ಲಾಟರಿ, ಸಾಲ, ಬೊಜ್ಜು ಕರಗಿಸುವ ಪುಡಿ, ಇವುಗಳ ನಡುವೆ "ತಕ್ಷಣ ತೆರೆಯಿರಿ!!!"

ತೆರೆದರು. ಹಳದಿಯೂ ಕೆಂಪೂ ಪರದೆಯ ತುಂಬ ಹರಡಿತು.

ಅಕ್ಕ ಅಕ್ಷರ ನೋಡಿದ ಕೂಡಲೇ ಗುರುತಿಸಿದಳು. "ಇವನದೇ ಕೈ! 'ಮ'ಗೆ ಹೀಗೆ ಬಾಲ ಎಳೆಯೋನು ಭೂಮಿ ಮೇಲೆ ಇವನೊಬ್ನೇ!" ಆಮೇಲೆ ಓದುತ್ತ ಹೋದಳು. "ಪುಷ್ಕಳ ಊಟ ಸಂಪೂರ್ಣ ಉಚಿತ"ಕ್ಕೆ ಬರುವಷ್ಟರಲ್ಲಿ ನಗು ಒತ್ತರಿಸಿ ಬಂದು ಕುರ್ಚಿ ಹಿಡಿದುಕೊಂಡಳು. ಮಗಳು ಮೂಲೆಯ ಸಣ್ಣಕ್ಷರವನ್ನು ದೊಡ್ಡದು ಮಾಡಿ ಗಟ್ಟಿಯಾಗಿ ಓದಿದಳು: "ಮದುವೆ ನನ್ನದೇ." ಮೂವರೂ ಬಿದ್ದುಬಿದ್ದು ನಕ್ಕರು. ಕನ್ನಡಕದ ಮೇಡಂ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತ, "ಒಂದು ಮಾತು ನನ್ನನ್ನ ಕೇಳ್ಬಾರ್ದಿತ್ತಾ ಇವ್ರು! ಎಷ್ಟೊಂದು ಆಶ್ಚರ್ಯಸೂಚಕ!" ಎಂದಳು.

"ಮಾವನ ತಪ್ಪಲ್ಲ. ನಾನು ಇಣುಕಿ ನೋಡು ಅಂತ ಹೇಳಿದ್ದೆ ತಾನೇ ಅಮ್ಮಾ?" ಎಂದಳು ಮಗಳು.

"ಹೇಳಿದ್ದೆ ಕಣೇ, ಹೇಳಿದ್ದೆ. ಈಗ ಫೋನ್ ಕೊಡು ಇಲ್ಲಿ."

ಎಕ್ಸ್‌ಚೇಂಜಿನ ಆಪರೇಟರ್ ಮತ್ತೆ ಕೆಲಸಕ್ಕೆ ಕೂತಳು. ಒಂದು ಕರೆ ಮುಗಿಯುವ ಮೊದಲೇ ಇನ್ನೊಂದು. "ಹಲೋ, ನಾನು. ಮಾತು ಆಮೇಲೆ, ಮೊದ್ಲು ಸ್ಪ್ಯಾಮ್ ತೆಗಿ. ಹೂಂ, ನಾನೇ ತೆಗೀಬೇಡ ಅಂದಿದ್ದು, ಈಗ ನಾನೇ ತೆಗಿ ಅಂತಿದೀನಿ. ಹಳದಿ ಕೆಂಪು ಕಾಣ್ತಾ? ಕೆಳಗೆ ಮೂಲೇಲಿ ಓದು... ನಗೋದು ಆಮೇಲೆ! 'ಸ್ಪ್ಯಾಮ್ ಅಲ್ಲ' ಅಂತಿದೆ ನೋಡು, ಅದನ್ನ ಒತ್ತು. ಒತ್ತಿ ಉತ್ತರ ಬರಿ."

ಅದೇ ಮಧ್ಯಾಹ್ನ ಝೆರಾಕ್ಸ್ ಅಂಗಡಿಯ ಕಂಪ್ಯೂಟರ್ ಬಿಡುವಿಲ್ಲದೆ ಟಿಣ್ ಟಿಣ್ ಎನ್ನತೊಡಗಿತು. "ಬೋರ್ಡಣ್ಣಾ, ಓಡ್ಬನ್ನಿ!" ಎಂದು ಅವನು ಕೂಗಿದ. ಬೋರ್ಡಣ್ಣ ತೊಟ್ಟಿಕ್ಕುವ ಬ್ರಷ್ಷಿನ ಸಮೇತ ಬಂದು ನಿಂತ. "ಅಯ್ಯೋ ಮಾರಾಯ, ನೀನಾ ಇದು? ಮೊಬೈಲ್ ಮಾರೋರು ಅಂದ್ಕೊಂಡಿದ್ದೆ." "ಕುಟುಂಬ ಸಮೇತ ಬರುತ್ತಿದ್ದೇವೆ, ನಾಯಿ ಸೇರಿ." "ನಿನ್ನ ಮದುವೆಯನ್ನೇ ಕಸಕ್ಕೆ ಹಾಕಿದ್ದೆನಲ್ಲ, ಹೊಡೆದುಬಿಡು ನನ್ನ!" ಝೆರಾಕ್ಸ್‌ನವನು ಒಂದೊಂದನ್ನೂ ಓದುತ್ತಿದ್ದ. ಬೋರ್ಡಣ್ಣ ಕೇಳುತ್ತ ನಿಂತಿದ್ದ, ಬ್ರಷ್ಷಿನ ಕೆಂಪು ಚಪ್ಪಲಿಯ ಮೇಲೆ ಸುರಿಯುತ್ತಿದ್ದುದೂ ತಿಳಿಯದೆ.

ಅಷ್ಟರಲ್ಲಿ ಬಸ್ಸಿನಿಂದ ಇಬ್ಬರು ಹೆಂಗಸರು ಇಳಿದರು. ಅಕ್ಕ ಮಂಡಿನೋವು ಮರೆತು ಮುಂದೆ ಬರುತ್ತಿದ್ದಳು.

"ಕಸಕ್ಕೆ ಹಾಕಿದ್ದು ಹಾಸಿಗೆಯವರನ್ನ ಕಣೋ ಪೆದ್ದಾ! ನಿನ್ನನ್ನಲ್ಲ!" ಎಂದು ಬೆನ್ನಿಗೊಂದು ಗುದ್ದಿ, ಹಾಗೇ ಅಪ್ಪಿಕೊಂಡಳು. ಅವಳ ತೋಳಿಗೂ ಕೆಂಪು ಮೆತ್ತಿತು.

ಬೋರ್ಡಣ್ಣ ಆಗ ಆಡಿದ್ದು ಅವನ ಜೀವಮಾನದ ಅತಿ ಉದ್ದದ ಮಾತು. "ನೀನು ಬರದಿದ್ರೂ ನಾನು ಮದುವೆ ಆಗ್ತಿದ್ದೆ ಅಕ್ಕಾ. ಇವ್ರನ್ನ ಬಿಡೋ ಮಾತೇ ಇರ್ಲಿಲ್ಲ. ಆದ್ರೆ ನೀನಿಲ್ದೆ ಊಟ ಗಂಟಲಲ್ಲಿ ಇಳೀತಿರ್ಲಿಲ್ಲ."

"ಇಷ್ಟು ಚೆನ್ನಾಗಿ ಮಾತಾಡೋಕೆ ಬರುತ್ತಾ ನಿಮಗೆ?" ಎಂದಳು ಕನ್ನಡಕದ ಮೇಡಂ. ಅವನು ಕಿವಿಯವರೆಗೂ ಕೆಂಪಾದ.

ಶುಕ್ರವಾರ ನೋಂದಣಿ ಕಚೇರಿಯಲ್ಲಿ ಸಹಿ ಹಾಕಿದರು. ಭಾನುವಾರ ಬೀದಿಯ ಉದ್ದಕ್ಕೂ ಮೇಜು ಹಾಕಿ ಊಟ. ಬಂದ ಜನ ನೋಡಿ ಅಕ್ಕನಿಗೇ ಆಶ್ಚರ್ಯ. ಅರ್ಧದಷ್ಟು ಮುಖಗಳು ಯಾರವೋ ಏನೋ! ಒಬ್ಬ ಮುದುಕ, ಹೆಂಡತಿಯ ಕೈಹಿಡಿದು, ಪ್ರಿಂಟ್ ತೆಗೆಸಿದ ಮೇಲ್ ಮುಂದೆ ಚಾಚಿ ಕೇಳಿದ: "ಒಂದೇ ದಿನ ಅಂತ ಹಾಕಿದೀರಲ್ಲ, ಇಲ್ಲಿ ಏನು ಮಾರ್ತಾ ಇದೀರಾ?"

"ಏನೂ ಮಾರ್ತಿಲ್ಲ. ನನ್ನ ತಮ್ಮನ ಮದುವೆ" ಎಂದಳು ಅಕ್ಕ.

"ಹಾಗಾದ್ರೆ ಊಟ?"

"ಊಟ ನಿಜವಾಗ್ಲೂ ಉಚಿತ. ಬನ್ನಿ ಕೂತ್ಕೊಳ್ಳಿ."

ಗಂಡ ಹೆಂಡತಿ ಕೂತು ಹೊಟ್ಟೆತುಂಬ ಉಂಡರು. ಹೋಗುವಾಗ ಬೋರ್ಡಣ್ಣನ ಕೈಕುಲುಕಿ, ಇಂಥ ಜಾಹೀರಾತು ಇನ್ನೂ ಬಂದರೆ ತಿಳಿಸಿ ಎಂದರು. ಅಕ್ಕ ಝೆರಾಕ್ಸ್‌ನವನ ಕಿವಿ ಹಿಂಡದಿದ್ದುದೊಂದು ಬಾಕಿ. "ಕೇಳದೇ ಯಾರಿಗೂ ಕಳಿಸ್ಬೇಡ. ಬೇಡ ಅನ್ನೋರಿಗೆ ಬೇಡ ಅನ್ನೋಕೆ ಕೆಳಗೆ ಜಾಗ ಕೊಡು. ಸಣ್ಣಕ್ಷರದಲ್ಲಲ್ಲ, ಕಣ್ಣಿಗೆ ಕಾಣೋ ಹಾಗೆ." ಅವನು ಬಾಯಲ್ಲಿ ಊಟ ಇಟ್ಟುಕೊಂಡೇ ತಲೆಯಾಡಿಸಿದ. ಹೇಳಿದಂತೆ ಮಾಡಿದ ಕೂಡ. ಆಮೇಲೆ ಅವನ ಮೇಲ್‌ಗಳು ಕಡಿಮೆಯಾದವು, ಗಿರಾಕಿಗಳು ಕಡಿಮೆಯಾಗಲಿಲ್ಲ.

ಬೋರ್ಡಣ್ಣ ಈಗ ಕನ್ನಡಕದ ಅಂಗಡಿಯ ಮೇಲಿನ ಮನೆಯಲ್ಲಿದ್ದಾನೆ. ಎರಡು ಕೋಣೆ, ಬೀದಿಗೆ ತೆರೆಯುವ ಒಂದು ಬಾಲ್ಕನಿ. ಶನಿವಾರ ಸಂಜೆ ಅಕ್ಕ ಬರುತ್ತಾಳೆ, ಮೂವರೂ ಇಸ್ಪೀಟಿಗೆ ಕೂರುತ್ತಾರೆ. ಅತ್ತಿಗೆ ನಾದಿನಿಯರಿಬ್ಬರೂ ಮೇಜಿನ ಕೆಳಗೆ ಎಲೆ ಬದಲಾಯಿಸಿಕೊಂಡು ಅವನನ್ನು ಪ್ರತಿ ಸಲ ಸೋಲಿಸುತ್ತಾರೆ. ಅವನಿಗೆ ಅದು ಗೊತ್ತು. ಗೊತ್ತಿದ್ದೂ ಎಲೆ ಕೆಳಗಿಟ್ಟು, ಚಹಾ ಮಾಡಲು ಒಳಗೆ ಹೋಗುತ್ತಾನೆ. ಹಾಲು ಉಕ್ಕುವವರೆಗೂ ಅಲ್ಲಿಂದ ಅವನು ಶಿಳ್ಳೆ ಹಾಕುವುದು ಕೇಳಿಸುತ್ತಿರುತ್ತದೆ.